ಒಂದೇ ದಿನ ಎರಡು ಸಲ ಅಳೆಸಿಕೊಂಡಿದ್ದು

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು ನಾನು. ವರ್ನಿಯರ್ ಕ್ಯಾಲಿಪರ್ಸ್ ಕೈಗೆ ಕೊಟ್ಟಾಗಲೆಲ್ಲ ಮಕ್ಕಳಿಗೆ ಹೇಳುತ್ತಿದ್ದುದು ಒಂದೇ: ಮೊದಲು ದವಡೆ ಮುಚ್ಚಿ ಜೀರೋ ಎರರ್ (ಏನೂ ಅಳೆಯದಿದ್ದಾಗಲೂ ತೋರಿಸುವ ತಪ್ಪು) ನೋಡಿ, ಲೀಸ್ಟ್ ಕೌಂಟ್ (ಉಪಕರಣ ಅಳೆಯಬಲ್ಲ ಅತಿ ಸಣ್ಣ ಅಳತೆ) ಬರೆದುಕೊಳ್ಳಿ, ಆಮೇಲೆ ಗುಂಡು ಅಳೆಯಿರಿ. ಅಂಥವಳು ನನ್ನ ಮೈಯನ್ನೇ ಅಳೆಸಿಕೊಳ್ಳಲು ಹೋದಾಗ ಜೀರೋ ಎರರೂ ನೋಡಲಿಲ್ಲ, ಲೀಸ್ಟ್ ಕೌಂಟೂ ಕೇಳಲಿಲ್ಲ. ಹಾಗಾಗಿ ಮೂರು ತಿಂಗಳ ಬೆವರು ಯಾವ ಲೆಕ್ಕಕ್ಕೂ ಸಿಗದೆ ಹೋಯಿತು.

ಶುರುವಾಗಿದ್ದು ಮೂಳೆಯಿಂದ. 66 ತುಂಬಿದ ಮೇಲೆ ಡಾಕ್ಟರು ಮೂಳೆ ಸಾಂದ್ರತೆಯ ಪರೀಕ್ಷೆ ಬರೆದುಕೊಟ್ಟರು. ಸೊಂಟದ ಟಿ-ಸ್ಕೋರ್, ಅಂದರೆ ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದ ಅಂಕಿ, −1.9 ಬಂತು. −1ಕ್ಕಿಂತ ಕೆಳಗಿಳಿದರೆ ಆಸ್ಟಿಯೋಪೀನಿಯಾ (ಮೂಳೆ ತೆಳುವಾಗತೊಡಗಿದೆ ಅಂತ), −2.5 ಮುಟ್ಟಿದರೆ ಆಸ್ಟಿಯೋಪೊರೋಸಿಸ್ (ಮೂಳೆ ಟೊಳ್ಳಾಗಿದೆ ಅಂತ); ನಾನು ನಡುವೆ ಎಲ್ಲೋ ನಿಂತಿದ್ದೆ. ಡಾಕ್ಟರು ರಿಪೋರ್ಟನ್ನು ಮೇಜಿನ ಮೇಲಿಟ್ಟು, "ಮೇಡಂ, ಎರಡೂ ಕೈ ಎದೆಗೆ ಕಟ್ಟಿಕೊಂಡು ಆ ಕುರ್ಚಿಯಿಂದ ಐದು ಸಲ ಎದ್ದು ಕೂತು ಮಾಡಿ, ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ" ಅಂದರು. 14.6 ಸೆಕೆಂಡ್. ನಾಲ್ಕನೇ ಸಲಕ್ಕೆ ಮೊಣಕಾಲು ಒಳಕ್ಕೆ ವಾಲಿತು, ಐದನೆಯದಕ್ಕೆ ಮುಂದಕ್ಕೆ ಮುಗ್ಗರಿಸುವ ಹಾಗಾಯಿತು. ಆಮೇಲೆ ಡೈನಮೋಮೀಟರ್ ಕೊಟ್ಟು ಮುಷ್ಟಿ ಬಿಗಿ ಮಾಡಿಸಿದರು. ಮೊಣಕೈ ಮಡಚಿ, ಒಂದೊಂದು ಕೈಗೆ ಮೂರು ಸಲ. ಆರರಲ್ಲಿ ಒಳ್ಳೆಯದು 17 ಕಿಲೋ.

"ಮೂಳೆ ಎಳೆಯೋದು ಸ್ನಾಯು ಮೇಡಂ. ಅದು ಬಡವಾದರೆ ಮೂಳೆ ಗಟ್ಟಿಯಿದ್ದೂ ಬೀಳ್ತೀರಿ" ಅಂದರು. ವಯಸ್ಸಿನೊಂದಿಗೆ ಸ್ನಾಯು ಕರಗುವುದಕ್ಕೆ ಅರ್ವಿನ್ ರೋಸನ್‌ಬರ್ಗ್ 1989ರಲ್ಲಿ ಸಾರ್ಕೊಪೀನಿಯಾ ಅಂತ ಹೆಸರಿಟ್ಟರು. ಗ್ರೀಕಿನಲ್ಲಿ ಸಾರ್ಕ್ಸ್ ಅಂದರೆ ಮಾಂಸ, ಪೀನಿಯಾ ಅಂದರೆ ಬಡತನ. ಡಾಕ್ಟರು ಬಾಯಿತಪ್ಪಿ ಬಡವಾದರೆ ಅಂದಿದ್ದು ಹೆಸರಿನ ನೇರ ಅರ್ಥವೇ ಆಗಿತ್ತು.

ಭಾರ ಎತ್ತುವ ವ್ಯಾಯಾಮ ಶುರು ಮಾಡುವ ಮುಂಚೆ ಇಡೀ ಮೈಯ ಡೆಕ್ಸಾ ಸ್ಕ್ಯಾನ್ ಒಂದು ಮಾಡಿಸಿಬಿಡಿ, ಆಮೇಲೆ ಹೋಲಿಸಬಹುದು ಅಂದರು. ಮೂಳೆ ನೋಡುವ ಯಂತ್ರವೇ ಕೊಬ್ಬು, ಸ್ನಾಯು ಎಲ್ಲವನ್ನೂ ಬಿಡಿಸಿ ಹೇಳುತ್ತದೆ ಅಂತ ನನಗೆ ಆವತ್ತೇ ಗೊತ್ತಾಗಿದ್ದು.

ಸ್ಕ್ಯಾನಿನಲ್ಲಿ ಹೆದರುವಂಥದ್ದೇನೂ ಇಲ್ಲ. ಮೈಮೇಲೆ ಲೋಹದ್ದು ಏನಿದ್ದರೂ ತೆಗೆದಿಟ್ಟು ಮೇಜಿನ ಮೇಲೆ ಅಂಗಾತ ಮಲಗಬೇಕು. ಕಾಲ್ಬೆರಳು ಒಳಮುಖವಾಗುವಂತೆ ಪಾದಗಳನ್ನು ಪಟ್ಟಿಯಿಂದ ಕಟ್ಟುತ್ತಾರೆ, ಕೈಗಳು ತೊಡೆಗೆ ತಾಗದ ಹಾಗೆ ಪಕ್ಕದಲ್ಲಿ ಇರಬೇಕು. ಮೇಲೊಂದು ತೋಳು ತಲೆಯಿಂದ ಪಾದದವರೆಗೆ ನಿಧಾನವಾಗಿ ಸರಿದುಹೋಗುತ್ತದೆ. ಹತ್ತು ನಿಮಿಷದೊಳಗೆ ಮುಗಿಯಿತು. ವಿಕಿರಣ ಕೆಲವೇ ಮೈಕ್ರೋಸೀವರ್ಟ್‌ನಷ್ಟು. ಸುಮ್ಮನೆ ಈ ಭೂಮಿಯ ಮೇಲೆ ಬದುಕಿರುವುದಕ್ಕೇ ವರ್ಷಕ್ಕೆ ಸರಾಸರಿ 2,400 ಮೈಕ್ರೋಸೀವರ್ಟ್ ನಮ್ಮ ಮೈಗೆ ತಾಗುತ್ತಿರುತ್ತದೆ.

ರಿಪೋರ್ಟಿನಲ್ಲಿ ಲೀನ್ ಮಾಸ್ (ಮೂಳೆ, ಕೊಬ್ಬು ಬಿಟ್ಟು ಮಿಕ್ಕ ತೂಕ) 36.1 ಕಿಲೋ ಅಂತ ಇತ್ತು. ಕೈಕಾಲುಗಳದ್ದು ಮಾತ್ರ 12.95 ಕಿಲೋ. ಅದನ್ನು ಎತ್ತರದ ವರ್ಗದಿಂದ ಭಾಗಿಸಿದರೆ (ನನ್ನ ಎತ್ತರ 154 ಸೆಂಟಿಮೀಟರ್) 5.46. ಈ ಅಂಕಿ ಹಿಡಿದುಕೊಂಡು ಮನೆಯಲ್ಲಿ ಕೂತು ಮಾನದಂಡ ಹುಡುಕಿದೆ, ನಗು ಬಂತು. ಯುರೋಪಿನ ತಜ್ಞರ ಗುಂಪು 2019ರಲ್ಲಿ ಪ್ರಕಟಿಸಿದ ಪರಿಷ್ಕೃತ ಮಾನದಂಡದ ಪ್ರಕಾರ ಹೆಂಗಸರಿಗೆ 5.5ಕ್ಕಿಂತ ಕಮ್ಮಿಯಾದರೆ ಸ್ನಾಯು ಕೊರತೆ. ಅದೇ ವರ್ಷದ ಏಷ್ಯಾದ ಗುಂಪಿನ ಲೆಕ್ಕದಲ್ಲಿ ಗೆರೆ ಇರುವುದು 5.4ಕ್ಕೆ. ಮುಷ್ಟಿಯ ಬಲದಲ್ಲಿ ಇದು ತಿರುಗಾಮುರುಗಾ: ಯುರೋಪಿನವರು 16 ಕಿಲೋ ಸಾಕು ಅನ್ನುತ್ತಾರೆ, ಏಷ್ಯಾದವರು 18 ಬೇಕು ಅನ್ನುತ್ತಾರೆ. ನನ್ನದು 17. ಅಂದರೆ ಯುರೋಪಿನಲ್ಲಿ ನನಗೆ ಬಲವಿದೆ ಮಾಂಸವಿಲ್ಲ, ಏಷ್ಯಾದಲ್ಲಿ ಮಾಂಸವಿದೆ ಬಲವಿಲ್ಲ. ನಮ್ಮನೆಯವರು, "ವಿಮಾನದಲ್ಲಿ ಹೋಗ್ತಾ ಎಲ್ಲಿ ಬದಲಾಗುತ್ತೋ ನೋಡಬೇಕು" ಅಂದರು. ಎರಡೂ ಗುಂಪಿನವರು ಒಪ್ಪುವ ಮಾತು ಒಂದಿತ್ತು: ಮೊದಲು ಬಲ ನೋಡಿ, ಮಾಂಸ ಆಮೇಲೆ. ಆ ಮಾತಿನ ತೂಕ ನನಗೆ ತಿಳಿಯಲು ಒಂಬತ್ತು ತಿಂಗಳು ಬೇಕಾಯಿತು.

ವಾರಕ್ಕೆ ಮೂರು ದಿನ ಜಿಮ್‌ಗೆ ಹೋಗತೊಡಗಿದೆ. ತರಬೇತಿ ಕೊಡುವ ಹುಡುಗನಿಗೆ ನನ್ನ ಕೊನೇ ಬ್ಯಾಚಿನ ಮಕ್ಕಳ ವಯಸ್ಸು. ಲೆಗ್ ಪ್ರೆಸ್, ಕುರ್ಚಿಯ ಎತ್ತರದ ಪೆಟ್ಟಿಗೆಗೆ ಕೂತೇಳುವ ಸ್ಕ್ವಾಟ್, ಕೇಬಲ್ ಎಳೆಯುವ ರೋ, ಡಂಬೆಲ್ ಮೇಲೆತ್ತುವುದು, ನೆಲದಿಂದ ಭಾರ ಎತ್ತುವುದು. ಎಂಟು ಸಲ ಎತ್ತಿದ ಮೇಲೆ ಇನ್ನೆರಡು ಎತ್ತಬಹುದು ಅನ್ನಿಸುವಷ್ಟು ಭಾರ. ಹನ್ನೆರಡು ಸಲ ಸಲೀಸಾಗಿ ಎತ್ತಿದ ದಿನ ಭಾರ ಏರಿಸುವುದು. ಇಷ್ಟೇ ಸೂತ್ರ. ಲೆಗ್ ಪ್ರೆಸ್ 30 ಕಿಲೋದಿಂದ ಶುರು ಮಾಡಿದೆ. ವ್ಯಾಯಾಮದ ಬಗ್ಗೆ ಇನ್ನು ಹೆಚ್ಚು ಬರೆಯುವುದಿಲ್ಲ, ಅದು ಎಲ್ಲ ಕಡೆ ಸಿಗುತ್ತದೆ. ನನ್ನ ಕಥೆ ಅಳತೆಯದ್ದು.

ಜೊತೆಗೇ ಮನೆಗೆ ಒಂದು ತೂಕದ ಯಂತ್ರ ಬಂತು. ಬರಿಗಾಲಲ್ಲಿ ನಿಂತರೆ ಕೊಬ್ಬು ಎಷ್ಟು, ಸ್ನಾಯು ಎಷ್ಟು, ನೀರು ಎಷ್ಟು ಅಂತೆಲ್ಲ ಫೋನಿಗೆ ಕಳಿಸುವಂಥದ್ದು. ಎರಡೇ ವಾರದಲ್ಲಿ 900 ಗ್ರಾಂ ಸ್ನಾಯು ಬೆಳೆದಿದೆ ಅಂತ ಹಸಿರು ಬಾಣದ ಗುರುತು ತೋರಿಸಿತು. ನಾನು ಹಿಗ್ಗಿ ಹೀರೇಕಾಯಿಯಾದೆ. ಹನ್ನೆರಡು ವಾರ ಮುಗಿಯುವ ಹೊತ್ತಿಗೆ ಕುರ್ಚಿಯಿಂದ ಏಳುವುದು 14.6ರಿಂದ 11.8 ಸೆಕೆಂಡಿಗೆ ಇಳಿದಿತ್ತು, ಲೆಗ್ ಪ್ರೆಸ್ 46 ಕಿಲೋ ಮುಟ್ಟಿತ್ತು. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುವುದು ಯಾವಾಗ ಬಿಟ್ಟೆನೋ ನೆನಪಿಲ್ಲ. ಇಷ್ಟೆಲ್ಲ ಆಗಿರುವಾಗ ಡೆಕ್ಸಾ ಇನ್ನೇನು ಹೇಳೀತು, ಪರೀಕ್ಷೆ ಚೆನ್ನಾಗಿ ಬರೆದು ಫಲಿತಾಂಶ ನೋಡಲು ಹೋಗುವ ಹುಡುಗಿಯ ಹಾಗೆ ಹೋದೆ.

ಲೀನ್ ಮಾಸ್ 34.6.

ಒಂದೂವರೆ ಕಿಲೋ ಕಮ್ಮಿ! ಕಾಗದ ಹಿಡಿದ ಕೈ ತಣ್ಣಗಾಯಿತು. ಹನ್ನೆರಡು ವಾರ ಭಾರ ಎತ್ತಿ ಸ್ನಾಯು ಕಳೆದುಕೊಂಡೆನೇ? ಮನೆಗೆ ಬಂದು ಚೀಲ ಬಿಸಾಕಿ ಕೂತೆ. ಎರಡು ದಿನ ಜಿಮ್‌ಗೆ ಹೋಗಲಿಲ್ಲ. ಮೂರನೇ ದಿನ ನಮ್ಮನೆಯವರು ಎರಡೂ ರಿಪೋರ್ಟುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕನ್ನಡಕ ಹಣೆಗೇರಿಸಿ ನೋಡುತ್ತಿದ್ದವರು, "ಇದೇನೇ, ಮೂಲೆಯಲ್ಲಿ ಯಂತ್ರದ ಹೆಸರು ಬೇರೆ ಬೇರೆ ಇದೆಯಲ್ಲ" ಅಂದರು. ಹೌದು. ಚಿತ್ರದ ಬಣ್ಣವೂ ಬೇರೆ, ಅಕ್ಷರದ ಅಚ್ಚೂ ಬೇರೆ. ನಾನು ಅಂಕಿ ಬಿಟ್ಟು ಇನ್ನೇನನ್ನೂ ನೋಡಿರಲಿಲ್ಲ.

ಮತ್ತೆ ಹೋಗಿ ಕೇಳಿದೆ. ಹಳೇ ಯಂತ್ರ ಕೆಟ್ಟುಹೋಗಿ ಹೊಸ ಕಂಪನಿಯದ್ದು ತಂದಿದ್ದರಂತೆ. ಅದನ್ನು ಒಂದು ಮಾತು ನನಗೆ ಹೇಳುವ ಅಗತ್ಯ ಆ ಕೇಂದ್ರದಲ್ಲಿ ಯಾರಿಗೂ ಕಂಡಿರಲಿಲ್ಲ. ರಿಪೋರ್ಟಿನ ಕೆಳಗೆ "ಹಿಂದಿನದಕ್ಕಿಂತ ಇಳಿಕೆ" ಅಂತ ಸಾಲು ಬೇರೆ ಅಚ್ಚು ಹಾಕಿಕೊಟ್ಟಿದ್ದರು. ಬೇರೆ ಬೇರೆ ಕಂಪನಿಯ ಯಂತ್ರಗಳು ಒಂದೇ ಮೈಗೆ ಬೇರೆ ಬೇರೆ ಅಂಕಿ ಕೊಡುತ್ತವೆ ಅನ್ನುವುದು ಈ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ಸಂಗತಿ. ಎರಡರ ನಡುವಿನ ವ್ಯತ್ಯಾಸವನ್ನು ಒಂದೇ ಗುಂಪಿನ ಜನರನ್ನು ಎರಡರಲ್ಲೂ ಅಳೆದು ಮೊದಲೇ ಕಂಡುಹಿಡಿದಿಟ್ಟುಕೊಳ್ಳಬೇಕು. ಹಳೆಯದು ಗುಜರಿಗೆ ಹೋಗಿತ್ತು, ಇನ್ನು ಯಾರನ್ನು ಎಲ್ಲಿ ಅಳೆಯುವುದು? ನನ್ನ 36.1 ಅನಾಥವಾಯಿತು.

ಅಲ್ಲಿ ಸ್ಕ್ಯಾನ್ ಮಾಡುವ ಹುಡುಗಿ ಮಾತ್ರ ಒಳ್ಳೆಯವಳು. ನನ್ನ ಮುಖ ನೋಡಿ ಒಳಗೆ ಕರೆದು ಕೂರಿಸಿದಳು. "ಅಮ್ಮ, ನೀವು ಹೊಸ ಲೆಕ್ಕ ಶುರು ಮಾಡಿ. ಒಂದು ಕೆಲಸ ಮಾಡೋಣ, ಇವತ್ತು ಎರಡು ಸಲ ತೆಗೆಯೋಣ" ಅಂದಳು. ಎರಡು ಸಲ ಯಾಕೆ ಅಂದೆ. "ಒಂದು ಸಲ ತೆಗೆದು, ನೀವು ಪೂರ್ತಿ ಎದ್ದು ನಿಂತು, ನಾಲ್ಕು ಹೆಜ್ಜೆ ಓಡಾಡಿ, ಮತ್ತೆ ಮಲಗಿ. ನೋಡಿ ಏನು ಬರುತ್ತೆ ಅಂತ."

ಮೊದಲನೆಯದು 34.62. ಕಾಲು ಗಂಟೆ ಬಿಟ್ಟು ಎರಡನೆಯದು 34.28.

ಕಾಲು ಗಂಟೆಯಲ್ಲಿ 340 ಗ್ರಾಂ ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ. ಎರಡನೇ ಸಲ ಮಲಗುವಾಗ ಭುಜ ಒಂದು ಬೆರಳಿನಷ್ಟು ಆಚೆಗಿತ್ತು, ತೊಡೆ ಸ್ವಲ್ಪ ಬೇರೆ ಥರ ಹರಡಿಕೊಂಡಿತ್ತು, ಅಷ್ಟೇ. ಪರದೆಯ ಮೇಲೆ ಆಕೆ ತೋರಿಸಿದಳು: ಕೈ, ಮುಂಡ, ಕಾಲುಗಳನ್ನು ಬೇರ್ಪಡಿಸುವ ಗೆರೆಗಳಿರುತ್ತವೆ, ತಂತ್ರಾಂಶ ಹಾಕಿದ್ದನ್ನು ಇವರು ಸರಿ ಮಾಡುತ್ತಾರೆ. ತೊಡೆಸಂದಿಯ ಗೆರೆಯನ್ನು ಮೌಸಿನಲ್ಲಿ ಒಂದಿಷ್ಟು ಮೇಲಕ್ಕೆ ಎಳೆದಳು, ನನ್ನ ಕಾಲಿನ ಮಾಂಸ ಕಣ್ಣೆದುರೇ ಹೆಚ್ಚಾಯಿತು; ಕೆಳಗೆ ಎಳೆದಳು, ಅದು ಹೊಟ್ಟೆಯ ಪಾಲಾಯಿತು. ಆಸ್ತಿ ಸರ್ವೆಯಲ್ಲಿ ಬದು ಸರಿಸಿದ ಹಾಗೆ. ಎರಡು ಸಲವೂ ಒಬ್ಬರೇ ಗೆರೆ ಎಳೆದರೆ ಒಳ್ಳೆಯದು ಅಂತ ಆಗ ಅರ್ಥವಾಯಿತು.

ನನ್ನೊಳಗಿನ ಮೇಷ್ಟ್ರಿಗೆ ಆಗ ಎಚ್ಚರವಾಯಿತು. "ನಿಮ್ಮ ಯಂತ್ರದ ಲೀಸ್ಟ್ ಕೌಂಟ್ ಎಷ್ಟಮ್ಮ?" ಅಂದೆ. ಆಕೆ ನಕ್ಕು ಗೋಡೆಯ ಮೇಲೆ ಅಂಟಿಸಿದ್ದ ಹಾಳೆ ತೋರಿಸಿದಳು. ಮೂಳೆ ಸಾಂದ್ರತೆ ಅಳೆಯುವವರ ಅಂತರರಾಷ್ಟ್ರೀಯ ಸಂಘಟನೆ ಐಎಸ್‌ಸಿಡಿಯ ಕ್ರಮ ಇದು: ಪ್ರತಿ ಕೇಂದ್ರವೂ 30 ಜನರನ್ನು ಎರಡೆರಡು ಸಲ, ಇಲ್ಲವೇ 15 ಜನರನ್ನು ಮೂರು ಮೂರು ಸಲ ಅಳೆದು ತನ್ನ ಯಂತ್ರ ಮತ್ತು ತನ್ನ ಕೈ ಎಷ್ಟು ಅಲುಗಾಡುತ್ತವೆ ಅಂತ ಲೆಕ್ಕ ಹಾಕಿಕೊಳ್ಳಬೇಕು. ಲೀನ್ ಮಾಸ್‌ಗೆ ಆ ಅಲುಗಾಟ 2%ಗಿಂತ ಹೆಚ್ಚಿರಬಾರದು, ಕೊಬ್ಬಿಗೆ 3%. ಇವರದ್ದು ಹೊಸ ಯಂತ್ರದಲ್ಲಿ ಲೀನ್ ಮಾಸ್‌ಗೆ 1.1%, ಕೊಬ್ಬಿಗೆ 1.5% ಬಂದಿತ್ತು.

ಎಷ್ಟು ಬದಲಾದರೆ ನಿಜವಾದ ಬದಲಾವಣೆ ಅಂತ ತಿಳಿಯಲು ಆ ಅಂಕಿಯನ್ನು 2.77ರಿಂದ ಗುಣಿಸಬೇಕು. ಈ 2.77 ಎಲ್ಲಿಂದ ಬಂತು ಅಂತ ಬಸ್ಸಿನಲ್ಲಿ ಕೂತು ಟಿಕೆಟಿನ ಹಿಂದೆ ಲೆಕ್ಕ ಮಾಡಿದೆ. 95% ಖಾತ್ರಿ ಬೇಕಾದರೆ 1.96, ಮೊದಲನೇ ಅಳತೆಯೂ ಅಲುಗಾಡುತ್ತದೆ, ಎರಡನೆಯದೂ ಅಲುಗಾಡುತ್ತದೆ, ಹಾಗಾಗಿ ಎರಡರ ವರ್ಗಮೂಲ 1.414. ಗುಣಿಸಿದರೆ 2.77. ನನ್ನ 34.45 ಕಿಲೋ ಸರಾಸರಿಗೆ ಇದು ಬಂದು ನಿಲ್ಲುವುದು 1.05 ಕಿಲೋಗೆ. ಅಂದರೆ ಮುಂದಿನ ಸಲ ಒಂದು ಕಿಲೋ ಹೆಚ್ಚಾಗಿದೆ ಅಂತ ತೋರಿಸಿದರೂ ಅದು ಸ್ನಾಯುವೋ ಯಂತ್ರದ ಅಲುಗಾಟವೋ ಹೇಳಲಾಗುವುದಿಲ್ಲ.

ಇದು ಸಣ್ಣ ವಿಷಯವಲ್ಲ ಅಂತ ಮನದಟ್ಟಾಗಿದ್ದು ಇನ್ನೊಂದು ಅಂಕಿ ಓದಿದಾಗ. ವಯಸ್ಸಾದವರ ಮೇಲೆ ನಡೆದ 49 ಅಧ್ಯಯನಗಳನ್ನು ಒಟ್ಟು ಮಾಡಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಭಾರದ ವ್ಯಾಯಾಮದಿಂದ ಸರಾಸರಿ ಹೆಚ್ಚಿದ ಲೀನ್ ಮಾಸ್ 1.1 ಕಿಲೋ. ಸರಿಸುಮಾರು ಐದು ತಿಂಗಳ ದುಡಿಮೆಗೆ! ಸಾವಿರ ಜನರ ಸರಾಸರಿಯಲ್ಲಿ ಎದ್ದು ಕಾಣುವ ಈ ಅಂಕಿ ಒಬ್ಬಳ ರಿಪೋರ್ಟಿನಲ್ಲಿ ಅಲುಗಾಟದೊಳಗೇ ಮುಚ್ಚಿಹೋಗಬಹುದು. ಹೀಗಿರುವಾಗ ನನ್ನ ಬಾತ್‌ರೂಮಿನ ಯಂತ್ರ ಎರಡು ವಾರಕ್ಕೆ 900 ಗ್ರಾಂ ಕೊಟ್ಟಿದ್ದು ಯಾವ ಧಾರಾಳತನ?

ಮಾರನೇ ದಿನವೇ ಅದನ್ನು ಪರೀಕ್ಷೆಗೆ ಕೂರಿಸಿದೆ. ಬೆಳಗ್ಗೆ ಎದ್ದ ಮೇಲೆ ನಿಂತರೆ 61.2 ಕಿಲೋ, ಕೊಬ್ಬು 39.4%. ಇಳಿದು, ಕೈಯಲ್ಲಿ 2 ಕಿಲೋ ಡಂಬೆಲ್ ಹಿಡಿದು ಮತ್ತೆ ನಿಂತೆ. 63.2 ಕಿಲೋ, ಕೊಬ್ಬು 40.6%. ಲೆಕ್ಕ ಹಾಕಿ ನೋಡಿ: ಎರಡು ಕಿಲೋ ಕಬ್ಬಿಣದಲ್ಲಿ ಒಂದೂವರೆ ಕಿಲೋ ಕೊಬ್ಬು, ಉಳಿದದ್ದು ಸ್ನಾಯು, ನೀರು ಇತ್ಯಾದಿ. ನಮ್ಮನೆಯವರಿಗೆ ಇದು ಆಟವಾಯಿತು. ಫೋನ್ ಇಸಿದುಕೊಂಡು ನನ್ನ ವಯಸ್ಸು 66 ಇದ್ದದ್ದನ್ನು 36 ಮಾಡಿದರು. "ಈಗ ಹತ್ತು." ಹತ್ತಿದೆ. ಕೊಬ್ಬು 36.1%. ಹೆಣ್ಣು ಅಂತ ಇದ್ದದ್ದನ್ನು ಗಂಡು ಅಂತ ಮಾಡಿದರು. 27.8%. "ನೋಡು, ಮೂರು ನಿಮಿಷದಲ್ಲಿ ನಿನ್ನ ಕೊಬ್ಬು ಇಳಿಸಿದೆ, ಜಿಮ್ಮಿನ ಹುಡುಗ ಏನು ಮಾಡಿದಾನೆ" ಅಂದರು.

ಮೋಸ ಅನ್ನುವಂತಿಲ್ಲ, ಅದರ ಕೆಲಸವೇ ಹಾಗೆ. ಒಂದು ಪಾದದಿಂದ ತೀರಾ ಸಣ್ಣ ವಿದ್ಯುತ್ ಹರಿಸಿ ಇನ್ನೊಂದು ಪಾದದಲ್ಲಿ ಹಿಡಿಯುತ್ತದೆ. ಸ್ನಾಯುವಿನಲ್ಲಿ ನೀರು ಹೆಚ್ಚು, ವಿದ್ಯುತ್ ಸಲೀಸಾಗಿ ಹಾಯುತ್ತದೆ. ಕೊಬ್ಬಿನಲ್ಲಿ ನೀರು ಕಮ್ಮಿ, ತಡೆಯುತ್ತದೆ. ಯಂತ್ರ ನಿಜವಾಗಿ ಅಳೆಯುವುದು ತೂಕ ಮತ್ತು ಈ ತಡೆ, ಎರಡನ್ನೇ. ಉಳಿದದ್ದೆಲ್ಲ ಎತ್ತರ, ವಯಸ್ಸು, ಹೆಣ್ಣೋ ಗಂಡೋ ಅನ್ನುವುದನ್ನು ಸೇರಿಸಿಕೊಂಡು ಸೂತ್ರದಿಂದ ಊಹಿಸಿದ್ದು. ವಿದ್ಯುತ್ತು ಹತ್ತಿರದ ದಾರಿ ಹಿಡಿದು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ದಾಟುವುದರಿಂದ ಮೇಲಿನ ಅರ್ಧ ಮೈ ಅದರ ಪಾಲಿಗೆ ಹೆಚ್ಚುಕಡಿಮೆ ಊಹೆಯೇ. ದಿನವೆಲ್ಲ ನಿಂತು ಕಾಲಿಗೆ ನೀರಿಳಿದ ಸಂಜೆ ಹತ್ತಿದರೆ ತಡೆ ಕಮ್ಮಿಯಾಗಿ ಕೊಬ್ಬು ಕಮ್ಮಿ ಕಾಣುತ್ತದೆ. ಒಂದು ಲೀಟರ್ ನೀರು ಕುಡಿದು ತಕ್ಷಣ ಹತ್ತಿದರೆ ತೂಕ ಏರಿ ತಡೆ ಹಾಗೇ ಇದ್ದು, ಕುಡಿದ ನೀರು ಬಹುಪಾಲು ಕೊಬ್ಬಿನ ಖಾತೆಗೆ ಜಮೆಯಾಗುತ್ತದೆ. ಹೊಸದಾಗಿ ವ್ಯಾಯಾಮ ಶುರು ಮಾಡಿದ ಸ್ನಾಯು ನೋಯುತ್ತ ನೀರು ಹಿಡಿದುಕೊಂಡಿರುತ್ತದೆ. ನನ್ನ 900 ಗ್ರಾಂ ಆ ನೀರೇ ಇರಬೇಕು. (ಎದೆಯಲ್ಲಿ ಪೇಸ್‌ಮೇಕರ್ ಇರುವವರು ಇಂಥ ಯಂತ್ರ ಹತ್ತಲೇಬಾರದು. ಪೆಟ್ಟಿಗೆಯ ಮೇಲೆ ಚಿಕ್ಕ ಅಕ್ಷರದಲ್ಲಿ ಬರೆದಿರುತ್ತದೆ, ನಮ್ಮ ವಯಸ್ಸಿನವರಿಗೆ ಕಾಣುವುದಿಲ್ಲ.)

ಹೊಸ ಲೆಕ್ಕದ ಒಂಬತ್ತನೇ ವಾರ ಜ್ವರ ಬಂತು, ಜೊತೆಗೆ ಭೇದಿ. ಆರು ದಿನ ಹಾಸಿಗೆ. ಎದ್ದ ದಿನ ಯಂತ್ರ ಹತ್ತಿದರೆ 1.8 ಕಿಲೋ ಸ್ನಾಯು ಮಾಯ. ಮೊದಲಿನ ನಾನಾಗಿದ್ದರೆ ಅತ್ತುಬಿಡುತ್ತಿದ್ದೆ. ಈಗ ನೋಟ್ ಪುಸ್ತಕದಲ್ಲಿ "ನೀರು" ಅಂತ ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ನಾಲ್ಕು ದಿನದಲ್ಲಿ 1.5 ಕಿಲೋ ತಾನಾಗಿ ವಾಪಸ್ ಬಂತು. ನಾಲ್ಕು ದಿನದಲ್ಲಿ ಒಂದೂವರೆ ಕಿಲೋ ಸ್ನಾಯು ಯಾವ ಪೈಲ್ವಾನನಿಗೂ ಬೆಳೆಯುವುದಿಲ್ಲ.

ಟೇಪನ್ನೂ ಬಿಡಲಿಲ್ಲ. ಮೀನಖಂಡದ ಸುತ್ತಳತೆ ಏಷ್ಯಾದ ಮಾನದಂಡದಲ್ಲಿ ಒಂದು ಸರಳ ಜರಡಿ: ಹೆಂಗಸರಿಗೆ 33 ಸೆಂಟಿಮೀಟರಿಗಿಂತ ಕಮ್ಮಿಯಿದ್ದರೆ ಮುಂದಿನ ಪರೀಕ್ಷೆ ಮಾಡಿಸಿ ಅನ್ನುತ್ತದೆ. ಟೇಪು ಸರಳ, ಅಳೆಯುವ ಕೈ ಸರಳವಲ್ಲ. ಮೊದಲ ವಾರ ಒಂದೇ ಕಾಲಿಗೆ ಐದು ಸಲ ಸುತ್ತಿ 31.8ರಿಂದ 32.7ರವರೆಗೆ ಐದು ಅಂಕಿ ಪಡೆದೆ. ಆಮೇಲೆ ನೆಲದಿಂದ ಎಷ್ಟು ಎತ್ತರದಲ್ಲಿ ಅಂತ ಸ್ಕೇಲಿಟ್ಟು ಗುರುತು ಹಾಕಿ, ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಬಿಟ್ಟು ನಿಂತು, ಟೇಪು ಚರ್ಮಕ್ಕೆ ತಾಗಿ ಒತ್ತದ ಹಾಗೆ ನಮ್ಮನೆಯವರಿಂದಲೇ ಅಳೆಸತೊಡಗಿದೆ. ಅಲುಗಾಟ ಮೂರು ಮಿಲಿಮೀಟರಿಗೆ ಇಳಿಯಿತು. ಸೊಂಟಕ್ಕೆ ಕೊನೇ ಪಕ್ಕೆಲುಬಿನ ಕೆಳ ಅಂಚು, ಸೊಂಟದ ಮೂಳೆಯ ಮೇಲಂಚು, ಎರಡರ ನಡುಮಧ್ಯ. ಉಸಿರು ಸಹಜವಾಗಿ ಬಿಟ್ಟ ಕೊನೆಯಲ್ಲಿ ಓದಬೇಕು. ಹೊಟ್ಟೆ ಒಳಗೆಳೆದುಕೊಳ್ಳದೆ ನಿಲ್ಲುವುದು ಸ್ಕ್ವಾಟಿಗಿಂತ ಕಷ್ಟ.

ಎಲ್ಲಕ್ಕಿಂತ ನಂಬಿಕಸ್ಥವಾಗಿ ಉಳಿದದ್ದು ಅಡುಗೆಮನೆಯ ಮರದ ಕುರ್ಚಿ ಮತ್ತು ಫೋನಿನ ಸ್ಟಾಪ್‌ವಾಚ್. ಪ್ರತಿ ಭಾನುವಾರ ಬೆಳಗ್ಗೆ, ಅದೇ ಕುರ್ಚಿ, ಗೋಡೆಗೆ ಒರಗಿಸಿ, ಬರಿಗಾಲು. ಕುರ್ಚಿಗೆ ಜೀರೋ ಎರರ್ ಇಲ್ಲ, ಸಾಫ್ಟ್‌ವೇರ್ ಅಪ್‌ಡೇಟ್ ಇಲ್ಲ, ನನ್ನ ವಯಸ್ಸು ಅದಕ್ಕೆ ಗೊತ್ತೂ ಇಲ್ಲ.

ಹೊಸ ಲೆಕ್ಕ ಶುರುವಾಗಿ 24 ವಾರಕ್ಕೆ ಮತ್ತೆ ಸ್ಕ್ಯಾನಿಗೆ ಹೋದೆ. ಈ ಸಲ ಸಿದ್ಧತೆ ನಾನೇ ಮಾಡಿಕೊಂಡಿದ್ದೆ: ಹಿಂದಿನ ದಿನ ವ್ಯಾಯಾಮವಿಲ್ಲ, ಬೆಳಗ್ಗೆ ಅದೇ ಹೊತ್ತು, ಖಾಲಿ ಹೊಟ್ಟೆ, ಮೂತ್ರ ಮಾಡಿ ಬಂದು, ಅದೇ ತೆಳು ಬಟ್ಟೆ. ಬಾಗಿಲಲ್ಲೇ ಕೇಳಿದೆ, "ಯಂತ್ರ ಅದೇನಾ?" ಹುಡುಗಿಗೆ ನಗು. "ಅದೇ ಅಮ್ಮ, ನಾನೂ ಅದೇ." ಎರಡು ಸಲ ತೆಗೆದಳು.

ಸರಾಸರಿ ಲೀನ್ ಮಾಸ್ 35.3. ಆಗ 34.45 ಇತ್ತು, ಹೆಚ್ಚಿದ್ದು 850 ಗ್ರಾಂ. ಕೊಬ್ಬು 25.15ರಿಂದ 22.95ಕ್ಕೆ, ಅಂದರೆ 2.2 ಕಿಲೋ ಇಳಿಕೆ. ಮೂಳೆಯ ಖನಿಜ 1.8 ಇದ್ದದ್ದು 1.8. ಒಟ್ಟು ತೂಕ ಇಳಿದದ್ದು ಬರೀ 1.35 ಕಿಲೋ, ಸಾದಾ ತಕ್ಕಡಿಯಲ್ಲಿ ಇಷ್ಟನ್ನೇ ನೋಡಿದ್ದರೆ ಆರು ತಿಂಗಳಿಗೆ ಇಷ್ಟೇನಾ ಅಂತ ಬೇಜಾರಾಗುತ್ತಿತ್ತು. ತೊಡೆಯ ಸುತ್ತಳತೆಯಂತೂ ಮೂರು ಮಿಲಿಮೀಟರ್ ಕಮ್ಮಿಯಾಗಿತ್ತು, ಒಳಗೆ ಮಾಂಸ ಬಂದು ಹೊರಗಿನ ಕೊಬ್ಬು ಹೋದದ್ದು ಟೇಪಿಗೆ ತಿಳಿಯುವುದಿಲ್ಲ.

ಕೊಬ್ಬಿನ ಬಗ್ಗೆ ಅನುಮಾನವಿಲ್ಲ, ಅದು ಅಲುಗಾಟದ ಎರಡರಷ್ಟು ಇಳಿದಿದೆ. ಲೀನ್ ಮಾಸ್ ಮಾತ್ರ ತೊಡಕಿನದ್ದು. 850 ಗ್ರಾಂ, 1.05 ಕಿಲೋ ಗೆರೆಯೊಳಗೇ ಇದೆ. ಆದರೆ ನಾನು ಎರಡೆರಡು ಸಲ ಅಳೆಸಿಕೊಂಡಿದ್ದೆನಲ್ಲ, ಎರಡರ ಸರಾಸರಿ ತೆಗೆದರೆ ಅಲುಗಾಟ 1.414 ಪಟ್ಟು ಕುಗ್ಗುತ್ತದೆ. 1.05 ಅನ್ನು 1.414ರಿಂದ ಭಾಗಿಸಿದರೆ 0.74. ಗೆರೆ ದಾಟಿದೆ! ಬಸ್ ಟಿಕೆಟಿನ ಹಿಂದೆ ಈ ಲೆಕ್ಕ ಮಾಡಿ ಒಬ್ಬಳೇ ನಕ್ಕೆ, ಪಕ್ಕದವರು ನೋಡಿದರು.

ನಗು ಮನೆ ತಲುಪುವ ತನಕ ಉಳಿಯಲಿಲ್ಲ. ಮೇಷ್ಟ್ರು ಸುಮ್ಮನಿರಬೇಕಲ್ಲ. ಆ 0.74 ಒಂದೇ ದಿನ ಹತ್ತಿಳಿದು ಸಿಕ್ಕ ಅಲುಗಾಟದಿಂದ ಬಂದದ್ದು. ದಿನದಿಂದ ದಿನಕ್ಕೆ ಮೈಯ ನೀರು ಹೆಚ್ಚುಕಮ್ಮಿಯಾಗುವುದು ಅದರಲ್ಲಿ ಸೇರಿಲ್ಲ. ಇನ್ನೂ ಮುಖ್ಯವಾದದ್ದು, ಲೀನ್ ಮಾಸ್ ಅಂದರೆ ಸ್ನಾಯು ಅಲ್ಲವೇ ಅಲ್ಲ. ಡೆಕ್ಸಾ ಎರಡು ಶಕ್ತಿಯ ಎಕ್ಸ್-ರೇ ಹಾಯಿಸಿ ಮೊದಲು ಮೂಳೆಯನ್ನು ಬೇರ್ಪಡಿಸುತ್ತದೆ, ಉಳಿದದ್ದರಲ್ಲಿ ಕೊಬ್ಬನ್ನು ಬೇರ್ಪಡಿಸುತ್ತದೆ, ಆಮೇಲೆ ಮಿಕ್ಕಿದ್ದಕ್ಕೆಲ್ಲ ಲೀನ್ ಅಂತ ಹೆಸರು. ಪಿತ್ತಕೋಶ, ಕರುಳು, ರಕ್ತ, ನೀರು, ಚರ್ಮ ಎಲ್ಲ ಅದರೊಳಗೇ. ವ್ಯಾಯಾಮ ಮಾಡಿದ ಸ್ನಾಯು ಗ್ಲೈಕೋಜನ್ (ಸಕ್ಕರೆಯ ದಾಸ್ತಾನು) ಕೂಡಿಟ್ಟುಕೊಳ್ಳುತ್ತದೆ, ಒಂದು ಗ್ರಾಂ ಗ್ಲೈಕೋಜನ್ ಜೊತೆಗೆ ಸುಮಾರು 3 ಗ್ರಾಂ ನೀರು. ನನ್ನ 850 ಗ್ರಾಂನಲ್ಲಿ ನಿಜವಾದ ಎಳೆ ಎಷ್ಟು, ನೀರೆಷ್ಟು, ಆ ಚಿತ್ರ ಹೇಳುವುದಿಲ್ಲ.

ಸ್ನಾಯುವನ್ನೇ ಹಿಡಿಯುವ ದಾರಿಗಳು ಸಂಶೋಧನೆಯವರ ಹತ್ತಿರ ಇವೆ. ತೊಡೆಯ ನಡುಭಾಗವನ್ನು ಸಿಟಿ ಸ್ಕ್ಯಾನಿನಲ್ಲಿ ಅಡ್ಡಡ್ಡ ಕತ್ತರಿಸಿ ನೋಡುವುದು ಒಂದು. ಭಾರದ ಹೈಡ್ರೋಜನ್ ಜೋಡಿಸಿದ ಕ್ರಿಯಾಟಿನ್ ನುಂಗಿಸಿ, ಮೂತ್ರದಿಂದ ಇಡೀ ಮೈಯ ಸ್ನಾಯುವನ್ನು ಲೆಕ್ಕ ಹಾಕುವುದು ಇನ್ನೊಂದು. ಕ್ರಿಯಾಟಿನ್ ಬಹುಪಾಲು ಸ್ನಾಯುವಿನಲ್ಲೇ ಇರುವುದರಿಂದ ಈ ಉಪಾಯ. ಅಮೆರಿಕದ ವಯಸ್ಸಾದ ಗಂಡಸರಲ್ಲಿ ಹೀಗೆ ಅಳೆದಾಗ ನಡಿಗೆಯ ವೇಗಕ್ಕೂ ಬೀಳುವುದಕ್ಕೂ ಸ್ನಾಯುವಿನ ನಂಟು ಸ್ಪಷ್ಟವಾಗಿ ಕಂಡಿತು, ಡೆಕ್ಸಾದ ಲೀನ್ ಮಾಸ್‌ನಲ್ಲಿ ಅದು ಮಸುಕಾಗಿತ್ತು. ನನ್ನಂಥವಳಿಗೆ ಅದು ಸದ್ಯಕ್ಕೆ ಎಟುಕುವಂಥದ್ದಲ್ಲ.

ಡಾಕ್ಟರ ಮುಂದೆ ಇದನ್ನೆಲ್ಲ ಹರಡಿದೆ. ಅವರು ಪೂರ್ತಿ ಕೇಳಿ, ನನ್ನ ನೋಟ್ ಪುಸ್ತಕದ ಕೊನೇ ಪುಟ ತಿರುಗಿಸಿದರು. ಅಲ್ಲಿ ಯಂತ್ರ ಬದಲಾದರೂ ಕಡಿಯದೆ ಉಳಿದ ಲೆಕ್ಕ ಇತ್ತು, ಮೊದಲ ದಿನದಿಂದ 36 ವಾರದ್ದು. ಕುರ್ಚಿ 14.6ರಿಂದ 9.4 ಸೆಕೆಂಡ್. ಮುಷ್ಟಿ 17ರಿಂದ 20.5 ಕಿಲೋ. ಲೆಗ್ ಪ್ರೆಸ್ ಎಂಟು ಸಲಕ್ಕೆ 30ರಿಂದ 62 ಕಿಲೋ.

"ಬಲ ಎರಡರಷ್ಟಾಗಿದೆ, ಮಾಂಸ ನೂರಕ್ಕೆ ಎರಡೂವರೆ. ಏನೋ ತಪ್ಪಿರಬೇಕಲ್ಲ ಡಾಕ್ಟ್ರೇ?" ಅಂದೆ.

"ತಪ್ಪೇನಿಲ್ಲ ಮೇಡಂ, ಅದು ಹಾಗೇ" ಅಂದವರು 1990ರ ಒಂದು ಅಧ್ಯಯನದ ಕಥೆ ಹೇಳಿದರು. ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ವೃದ್ಧಾಶ್ರಮದಲ್ಲಿದ್ದ ಹತ್ತು ಜನ, 90ರ ಆಸುಪಾಸಿನವರಿಗೆ ಎಂಟು ವಾರ ಗಟ್ಟಿಯಾಗಿಯೇ ಭಾರ ಎತ್ತಿಸಿದರು. ಮುಗಿಸಿದವರ ಕಾಲಿನ ಬಲ ಸರಾಸರಿ 174% ಏರಿತು. ಸಿಟಿ ಸ್ಕ್ಯಾನಿನಲ್ಲಿ ತೊಡೆಯ ಸ್ನಾಯು ದಪ್ಪಗಾಗಿದ್ದು 9%. ಮೊದಲ ವಾರಗಳಲ್ಲಿ ಕಲಿಯುವುದು ಸ್ನಾಯುವಿಗಿಂತ ನರ. ಮಲಗಿದ್ದ ಎಳೆಗಳನ್ನು ಹೆಚ್ಚು ಹೆಚ್ಚಾಗಿ, ಒಟ್ಟೊಟ್ಟಿಗೆ ಎಬ್ಬಿಸುವುದನ್ನು ಅದು ರೂಢಿ ಮಾಡಿಕೊಳ್ಳುತ್ತದೆ. ಇಳಿಯುವಾಗಲೂ ಇದೇ ಅಸಮ: ವಯಸ್ಸಾಗುತ್ತ ಮಾಂಸ ಕರಗುವುದಕ್ಕಿಂತ ಎಷ್ಟೋ ಬೇಗ ಬಲ ಕುಂದುತ್ತದೆ. ಯುರೋಪಿನವರೂ ಏಷ್ಯಾದವರೂ ಮೊದಲು ಬಲ ನೋಡಿ ಅಂದದ್ದಕ್ಕೆ ಕಾರಣ ಇದು. ನಾನು ಇಷ್ಟು ದಿನ ಮಾಂಸದ ಸಾಲಿಗೆ ಕಣ್ಣು ನೆಟ್ಟು ಬಲದ ಸಾಲನ್ನು ಹಾಗೇ ಬಿಟ್ಟಿದ್ದೆ.

ಸ್ಕ್ಯಾನ್ ಮೂರು ಮೂರು ತಿಂಗಳಿಗೆ ಬೇಡ, ವರ್ಷಕ್ಕೊಂದು ಸಾಕು, ಮೂಳೆಯದ್ದೂ ಆಗಲೇ ನೋಡಿದರಾಯಿತು ಅಂತ ತೀರ್ಮಾನವಾಯಿತು. ಬಾತ್‌ರೂಮಿನ ಯಂತ್ರವನ್ನು ಎಸೆಯಲಿಲ್ಲ. ವಾರಕ್ಕೆ ಮೂರು ಬೆಳಗ್ಗೆ ಹತ್ತಿ, ತಿಂಗಳ ಸರಾಸರಿ ತೆಗೆದು, ತೂಕದ ಸಾಲು ಮಾತ್ರ ಬರೆದುಕೊಳ್ಳುತ್ತೇನೆ. ಬಾಣದ ಬಣ್ಣ ನೋಡುವುದಿಲ್ಲ.

ಹೋದ ತಿಂಗಳು ನಮ್ಮನೆಯವರೂ ಜಿಮ್‌ಗೆ ಸೇರಿದರು. 71ನೇ ವಯಸ್ಸಿಗೆ. ಶುರು ಮಾಡುವ ಮುಂಚೆಯೇ ಎಳೆದುಕೊಂಡು ಹೋಗಿ ಒಂದೇ ದಿನ ಎರಡು ಸಲ ಮಲಗಿಸಿದೆ. ಮೊದಲನೆಯದು 45.1, ಎರಡನೆಯದು 45.6. ಹೊರಗೆ ಬೆಂಚಿನ ಮೇಲೆ ಕೂತು ಚಪ್ಪಲಿ ಹಾಕಿಕೊಳ್ಳುತ್ತ ಎರಡೂ ಹಾಳೆಗಳನ್ನು ನನ್ನ ಮುಂದೆ ಹಿಡಿದರು.

"ಕಾಲು ಗಂಟೆಯಲ್ಲಿ ಅರ್ಧ ಕಿಲೋ ಬೆಳೆಸಿದೆ ನೋಡು. ನಿನಗೆ ಆರು ತಿಂಗಳು ಬೇಕಾಯ್ತು."

"ರೀ, ಪೆನ್ ಕೊಡಿ" ಅಂದೆ. ಎರಡು ಹಾಳೆಯ ಮೇಲೂ ಯಂತ್ರದ ಹೆಸರಿನ ಸುತ್ತ ಗೆರೆ ಎಳೆದು, ತಾರೀಖು ಬರೆದು, ಮಡಚಿ ಚೀಲದಲ್ಲಿಟ್ಟುಕೊಂಡೆ.